ಬಾಯಿಯೊಳಗೊಂದು ನೋಟ

1854ರಲ್ಲಿ ಮ್ಯಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಅಧ್ಯಾಪಕನು ಒಂದು ವಿಚಿತ್ರ ಪ್ರಯೋಗವನ್ನು ಕೈಗೊಂಡನು. ದಂತವೈದ್ಯರು ಬಳಸುವ, ಉದ್ದ ಹಿಡಿಯುಳ್ಳ ಪುಟ್ಟ ಕನ್ನಡಿಯೊಂದನ್ನು ಗಂಟಲಿನ ಹಿಂಭಾಗದಲ್ಲಿರಿಸಿ, ಇನ್ನೊಂದು ಕೈಗನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿತಂತುಗಳು ಅಲುಗುವುದನ್ನು ತಾನೇ ಕಂಡನು. ಆತನು ವೈದ್ಯನಲ್ಲ. ಎರಡು ಕನ್ನಡಿ, ಒಂದಿಷ್ಟು ಬಿಸಿಲು, ತಾಳ್ಮೆಯ ನೋಟ, ಇಷ್ಟೇ ಆತನ ಸಲಕರಣೆ. ಅದಕ್ಕಿಂತಲೂ ಸುಲಭವಾದ, ಆದರೆ ಪ್ರಾಣವನ್ನೇ ಉಳಿಸಬಲ್ಲ ಒಂದು ಪರೀಕ್ಷೆಯನ್ನು ನಾವೆಲ್ಲರೂ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಬಾಯಿಯ ಅರ್ಬುದದ, ಎಂದರೆ ಕ್ಯಾನ್ಸರಿನ, ಮೊದಲ ಗುರುತುಗಳನ್ನು ಹುಡುಕುವ ಪರೀಕ್ಷೆ ಅದು.

ಜಠರದಲ್ಲಿಯೋ ಶ್ವಾಸಕೋಶದಲ್ಲಿಯೋ ಅರ್ಬುದ ಹುಟ್ಟಿದರೆ ಅದನ್ನು ಕಾಣಲು ಯಂತ್ರಗಳು ಬೇಕು. ಬಾಯಿಯಾದರೋ ತೆರೆದರೆ ಕಾಣುವ ಅಂಗ. ಆದರೂ ನಮ್ಮ ದೇಶದಲ್ಲಿ ಬಹುಮಂದಿ ರೋಗಿಗಳು ವೈದ್ಯರ ಬಳಿಗೆ ಬರುವುದು ರೋಗ ಬಲಿತ ಮೇಲೆಯೇ. 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಜಗತ್ತಿನ ಸುಮಾರು 3.9 ಲಕ್ಷ ಜನರಲ್ಲಿ ತುಟಿ ಮತ್ತು ಬಾಯಿಯ ಅರ್ಬುದ ಹೊಸದಾಗಿ ಕಂಡುಬಂದಿತು. ಅವರಲ್ಲಿ ಸುಮಾರು 1.4 ಲಕ್ಷ ಮಂದಿ ಭಾರತದವರು.

ತಡವಾಗುವುದೇಕೆ? ನಮ್ಮ ಪ್ರಯೋಗಶಾಲೆಯಲ್ಲಿ ಬಹುಕಾಲ ಸಹಾಯಕರಾಗಿದ್ದ ಹಿರಿಯರೊಬ್ಬರಿಗೆ ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆಯನ್ನು ಎಡಗೆನ್ನೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿತ್ತು. ಅಲ್ಲಿ ಬಿಳಿಯ ಮಚ್ಚೆಯೊಂದು ಎದ್ದಾಗ ಸುಣ್ಣ ಸುಟ್ಟಿರಬೇಕೆಂದು ಸುಮ್ಮನಾದರು. ಹಲವು ತಿಂಗಳ ಬಳಿಕ ಅದು ಹುಣ್ಣಾಗಿ ನೋಯತೊಡಗಿದಾಗ ವೈದ್ಯರನ್ನು ಕಂಡರು. ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಬದುಕಿ ಬಂದ ಅವರು ನಮಗೆ ಹೇಳಿದ್ದು ಒಂದೇ ಮಾತು: “ನೋವೇ ಇರಲಿಲ್ಲ ಸಾರ್, ಅದಕ್ಕೇ ಸುಮ್ಮನಿದ್ದೆ.” ಈ ರೋಗದ ಕಪಟವಿರುವುದು ಇಲ್ಲಿಯೇ. ಆರಂಭದಲ್ಲಿ ಅದು ಅನೇಕ ವೇಳೆ ನೋವನ್ನು ಕೊಡುವುದಿಲ್ಲ. ಆದರೆ ಬಣ್ಣದಲ್ಲಿ ಸುಳಿವು ಕೊಡುವುದುಂಟು.

ಬಣ್ಣವೇಕೆ ಬದಲಾಗಬೇಕು? ಬಾಯಿಯ ಒಳಪೊರೆ ತೆಳುವಾದುದು. ಬೆಳಕು ಅದನ್ನು ಹಾಯ್ದು ಒಳಗೆ ಹೋಗುತ್ತದೆ. ಅಡಿಯಲ್ಲಿರುವ ರಕ್ತವು ನೀಲಿ, ಹಸಿರು ಕಿರಣಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಹಿಂದಿರುಗುವ ಬೆಳಕು ನಸುಗೆಂಪಾಗಿರುತ್ತದೆ. ಹೊಗೆಸೊಪ್ಪಿನಂಥ ವಸ್ತುವಿನ ಸತತ ಸಂಪರ್ಕದಿಂದ ಪೊರೆ ದಪ್ಪವಾಗಿ, ಅದರ ಮೇಲೆ ಕೆರಾಟಿನ್ ಎಂಬ ಪದಾರ್ಥ ಕಟ್ಟಿಕೊಂಡರೆ ಬೆಳಕು ಅಲ್ಲಿಯೇ ಚದರಿಹೋಗುತ್ತದೆ. ರಕ್ತದ ಬಣ್ಣ ಮರೆಯಾಗಿ ಆ ಭಾಗ ಬೆಳ್ಳಗೆ ತೋರುತ್ತದೆ. ಪೊರೆ ತೆಳುವಾಗಿ ರಕ್ತನಾಳಗಳು ಮೇಲ್ಮೈಗೆ ಸಮೀಪವಾದರೆ ಕಡುಗೆಂಪಾಗಿ ಕಾಣುತ್ತದೆ. ಬಿಳಿಯ ಮಚ್ಚೆಗಳಲ್ಲಿ ಹೆಚ್ಚಿನವು ಅರ್ಬುದವಾಗುವುದಿಲ್ಲ. ಕೆಂಪು ಮಚ್ಚೆ ವಿರಳ, ಆದರೆ ಹೆಚ್ಚು ಅಪಾಯಕರ.

ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಕೊಂಡರೆ ಸಾಕು. ಕೈಬಾಯಿ ತೊಳೆದು, ಕನ್ನಡಿ ಹಿಡಿದು, ಕಿಟಕಿಗೆ ಮುಖಮಾಡಿ ನಿಲ್ಲಬೇಕು. ಬೆಳಕು ಬೀಳಬೇಕಾದುದು ಬಾಯಿಯೊಳಗೆ, ಕನ್ನಡಿಯ ಮೇಲಲ್ಲ; ಕಿಟಕಿಗೆ ಬೆನ್ನುಮಾಡಿ ನಿಂತವನಿಗೆ ತನ್ನ ಬಾಯಿ ಕತ್ತಲೆಯ ಗುಹೆಯಂತೆ ಕಂಡೀತು. ಹಳದಿ ದೀಪದಲ್ಲಿ ಬಣ್ಣಗಳ ವ್ಯತ್ಯಾಸ ಮಸುಕಾಗುವುದರಿಂದ ಹಗಲಿನ ಬೆಳಕು ಅಥವಾ ಬಿಳಿಯ ಟಾರ್ಚು ಮೇಲು. ಮೊದಲು ತುಟಿಗಳನ್ನು ಮಡಚಿ ಅವುಗಳ ಒಳಭಾಗವನ್ನೂ ಒಸಡುಗಳನ್ನೂ ನೋಡಬೇಕು. ಬಳಿಕ ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆಳೆದು ಎರಡೂ ಒಳಗೋಡೆಗಳನ್ನು, ತಲೆಯನ್ನು ಹಿಂದಕ್ಕೆ ಬಾಗಿಸಿ ಅಂಗುಳನ್ನು ನೋಡಬೇಕು. ನಾಲಿಗೆಯನ್ನು ಚಾಚಿ, ಶುಭ್ರವಾದ ಬಟ್ಟೆಯಿಂದ ಹಿಡಿದು, ಎಡಕ್ಕೂ ಬಲಕ್ಕೂ ಸರಿಸಿದರೆ ಅದರ ಅಂಚುಗಳು ಕಾಣುತ್ತವೆ, ಮೇಲಕ್ಕೆತ್ತಿದರೆ ಅಡಿಭಾಗ. ಕಣ್ಣು ಕಂಡುದನ್ನು ಬೆರಳೂ ಸವರಿ ನೋಡಲಿ. ಕೊನೆಯಲ್ಲಿ ದವಡೆಯ ಕೆಳಗೂ ಕತ್ತಿನ ಇಕ್ಕೆಲಗಳಲ್ಲಿಯೂ ಗಂಟುಗಳಿವೆಯೇ ಎಂದು ಒತ್ತಿ ನೋಡಬೇಕು.

ಒರೆಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಗಡುಸಾದ ಗಂಟು, ಕಾರಣವಿಲ್ಲದೆ ಒಸರುವ ರಕ್ತ, ಜೋಮು, ತಾನಾಗಿ ಅಲುಗಾಡುವ ಹಲ್ಲು, ನುಂಗುವಾಗ ತೊಡಕು: ಇವು ಗಮನಿಸಬೇಕಾದ ಗುರುತುಗಳು. ಸಾಮಾನ್ಯ ಬಾಯಿಹುಣ್ಣು ಒಂದೆರಡು ವಾರಗಳಲ್ಲಿ ವಾಸಿಯಾಗುತ್ತದೆ. ಆದುದರಿಂದ ಗುರುತು ಕಂಡ ದಿನವನ್ನು ಬರೆದಿಡಬೇಕು. ಎರಡು ವಾರ ಕಳೆದರೂ ಅದು ಉಳಿದಿದ್ದರೆ ದಂತವೈದ್ಯರಿಗೆ ತೋರಿಸಲೇಬೇಕು. ಅರ್ಬುದ ಹೌದೋ ಅಲ್ಲವೋ ಎಂಬುದನ್ನು ಬರಿಗಣ್ಣು ನಿರ್ಣಯಿಸಲಾರದು. ಅಂಗಾಂಶದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಬಯಾಪ್ಸಿಯಿಂದಲೇ ಅದು ಖಚಿತವಾಗಬೇಕು.

ಇದು ಮುದುಕರ ರೋಗವೆಂದು ತರುಣರು ಅಲಕ್ಷಿಸುವಂತಿಲ್ಲ. ಹೊಗೆಸೊಪ್ಪು ಬೆರೆಯದ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾರಿತು. ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಇದು ಕಹಿಯಾದ ಸತ್ಯ. ಅಡಿಕೆ, ಗುಟ್ಕಾಗಳನ್ನು ಜಗಿಯುವವರಲ್ಲಿ ಪೊರೆಯಡಿ ನಾರು ಬೆಳೆದು ಕೆನ್ನೆ ಬಿಗಿಯುವುದುಂಟು. ಎಳೆಯರಲ್ಲಿಯೂ ಇದು ಕಂಡುಬರುತ್ತದೆ. ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿರಿಸಿ ಮುಂಬಲ್ಲುಗಳ ನಡುವೆ ತೂರಿಸಲಾಗದಿದ್ದರೆ ವೈದ್ಯರನ್ನು ಕಾಣಬೇಕು.

ನೋಡುವುದರಿಂದ ಫಲವುಂಟೇ? ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಕಣ್ಣಿನಿಂದಲೇ ಪರೀಕ್ಷಿಸಿದರು. ಹೊಗೆಸೊಪ್ಪು, ಮದ್ಯಗಳ ಅಭ್ಯಾಸವುಳ್ಳವರಲ್ಲಿ ಬಾಯಿಯ ಅರ್ಬುದದ ಮರಣಗಳು ಶೇಕಡ 34ರಷ್ಟು ಕಡಿಮೆಯಾದುವೆಂದು 2005ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸುತ್ತದೆ. ಅದು ತರಬೇತಾದ ಕಣ್ಣಿನ ಕೆಲಸ. ನಮ್ಮ ಕನ್ನಡಿ ಅದಕ್ಕೆ ಬದಲಿಯಲ್ಲ, ಅಲ್ಲಿಗೆ ನಮ್ಮನ್ನು ಬೇಗನೆ ಕಳುಹಿಸುವ ಸಾಧನ.

ವಿದ್ಯಾರ್ಥಿ ಮಿತ್ರರಲ್ಲಿ ನಮ್ಮದೊಂದು ಕೋರಿಕೆ. ಈ ಭಾನುವಾರ ನಿಮ್ಮ ಬಾಯಿಯನ್ನು ನೋಡಿಕೊಂಡ ಬಳಿಕ, ಎಲೆಯಡಿಕೆ ಹಾಕುವ ಅಜ್ಜಿಯನ್ನೋ ಬೀಡಿ ಸೇದುವ ಮಾವನನ್ನೋ ಕಿಟಕಿಯ ಬಳಿ ಕೂರಿಸಿ, ಟಾರ್ಚು ಹಿಡಿಯಿರಿ. ನೋವಿಲ್ಲವೆಂದು ಅವರು ಹೇಳಿಯಾರು. ಆದರೂ ನೋಡಿರಿ.