ಆಟದ ಜೊತೆಗೆ ಕನ್ನಡದ ಮಾತು

ಲಂಡನ್: ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವರ ಬಾಯಿ ಬಿಡಿಸಲು ನಾವು ಹಿಡಿದ ದಾರಿ, ವಿಡಿಯೊ ಗೇಮ್ ಆಡುತ್ತಲೇ ಕನ್ನಡದಲ್ಲಿ ವಿವರಣೆ ಕೊಡಿಸಿ ರೆಕಾರ್ಡ್ ಮಾಡುವುದು.

ಇದಕ್ಕೆ ಖರ್ಚು ಕಡಿಮೆ. ‘ಒಬಿಎಸ್ ಸ್ಟುಡಿಯೊ’ ತಂತ್ರಾಂಶ ಉಚಿತ. ಮೈಕ್ ಇರುವ ಸಾಧಾರಣ ಹೆಡ್‌ಫೋನ್ ಸಾಕು. ಆಟದ ಸದ್ದು ಮತ್ತು ಮಾತನ್ನು ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿದರೆ, ಎಡಿಟ್ ಮಾಡುವಾಗ ಸದ್ದನ್ನಷ್ಟೇ ತಗ್ಗಿಸಬಹುದು. ಎಂಕೆವಿ ರೂಪದಲ್ಲಿ ಉಳಿಸಿದರೆ, ಮಧ್ಯೆ ಕಂಪ್ಯೂಟರ್ ಕೈಕೊಟ್ಟರೂ ಅಲ್ಲಿಯವರೆಗಿನದು ಹಾಳಾಗುವುದಿಲ್ಲ. ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ.

ಆರಂಭಕ್ಕೆ ಮೈನ್‌ಕ್ರಾಫ್ಟ್ ಒಳ್ಳೆಯದು. ಅದರ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆಟದೊಳಗಿನ ಹಗಲು ಸುಮಾರು 10 ನಿಮಿಷ; ಒಂದು ಕಂತಿಗೆ ಅಷ್ಟು ಸಾಕು. ಮಗು ಸುಮ್ಮನಾದಾಗ ಪಕ್ಕದಲ್ಲಿ ಕುಳಿತು ‘ಈಗೇನು ಮಾಡ್ತೀಯ? ಯಾಕೆ?’ ಎಂದು ಕೇಳಬೇಕು. ಪಿಕಾಸಿ, ಕಲ್ಲಿದ್ದಲು, ಕುಲುಮೆ ಎಂಬ ಪದಗಳು ಹಾಗೆಯೇ ನಾಲಿಗೆಗೆ ಹತ್ತುತ್ತವೆ.

ಯೂಟ್ಯೂಬ್‌ಗೆ ಹಾಕುವುದಾದರೆ, 13 ವರ್ಷದೊಳಗಿನವರ ವಿಡಿಯೊ ಹೆತ್ತವರ ಖಾತೆಯಿಂದಲೇ ಹೋಗಲಿ. ‘ಅನ್‌ಲಿಸ್ಟೆಡ್’ ಎಂದು ಗುರುತಿಸಿ, ಲಿಂಕನ್ನು ಊರಿಗೆ ಕಳಿಸಿದರಾಯಿತು. ‘ಆ ಗುಹೆಯಿಂದ ಹೊರಗೆ ಬಂದ್ಯೇನೋ ಪುಟ್ಟಾ?’ ಎಂದು ಅಜ್ಜಿ ಫೋನಿನಲ್ಲಿ ಕೇಳಿದರೆ, ಉತ್ತರ ಕನ್ನಡದಲ್ಲೇ ಹೇಳಬೇಕಲ್ಲ!