ಹಲವು ಸರ್ವರ್‌ಗಳ ಕೆಲಸ ಒಂದೇ ಯಂತ್ರದಲ್ಲಿ: ಲಾಭವೆಷ್ಟು, ಅಪಾಯವೆಷ್ಟು?

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕು ಕಚೇರಿಗಳಲ್ಲಿ ‘ಭೂಮಿ’ ಯೋಜನೆಯ ಪಹಣಿ ಕೇಂದ್ರಗಳು ಆರಂಭವಾದ ದಿನಗಳು ಹಿರಿಯ ವರ್ತಕರ ನೆನಪಿನಲ್ಲಿರಬಹುದು. 2002ರ ವೇಳೆಗೆ ರಾಜ್ಯದ ಅಂದಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ಆಗ ಪ್ರತಿ ತಾಲ್ಲೂಕಿನ ದತ್ತಾಂಶವೂ ಅಲ್ಲಿಯ ಸರ್ವರ್‌ನಲ್ಲೇ ಇರುತ್ತಿತ್ತು. ಮುಂದೆ ಅದು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಕ್ರೋಡೀಕರಣಗೊಂಡಿತು. ಇಂದು ಕೊಟ್ಟೂರಿನವರು ತಮ್ಮ ಪಹಣಿಯನ್ನು ಮನೆಯಿಂದಲೇ ಅಂತರ್ಜಾಲದಲ್ಲಿ ನೋಡಬಲ್ಲರು. ಹಲವು ಕಡೆ ಹಂಚಿಹೋದ ಕೆಲಸವನ್ನು ಒಂದೆಡೆ ತರುವ ಈ ಕ್ರಮ ನಮ್ಮ ಉದ್ದಿಮೆಗಳಿಗೂ ಹೊಂದುವುದೇ ಎಂಬುದು ಇಲ್ಲಿಯ ವಿಚಾರ.

ಒಂದೇ ಗೋದಾಮು, ನಾಲ್ಕು ಬೀಗ

ಮಧ್ಯಮ ಗಾತ್ರದ ಗಿರಣಿಯೊಂದರಲ್ಲಿ ಲೆಕ್ಕಪತ್ರಕ್ಕೊಂದು, ವೇಬ್ರಿಡ್ಜ್‌ಗೊಂದು, ಹಾಜರಿ ಮತ್ತು ಸಂಬಳಕ್ಕೊಂದು, ದಾಸ್ತಾನಿಗೊಂದು ಎಂದು ನಾಲ್ಕು ಸರ್ವರ್‌ಗಳಿವೆ ಎಂದಿಟ್ಟುಕೊಳ್ಳೋಣ. ದಿನದ ಹೆಚ್ಚಿನ ಹೊತ್ತು ಅವುಗಳ ಶಕ್ತಿಯ ಅಲ್ಪಭಾಗ ಮಾತ್ರ ಬಳಕೆಯಾಗುತ್ತದೆ. ವರ್ಚುಯಲೈಸೇಷನ್ ತಂತ್ರಾಂಶವು ಒಂದೇ ಯಂತ್ರದ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕನ್ನು ವಿಭಾಗಿಸಿ ನಾಲ್ಕು ಪ್ರತ್ಯೇಕ ಗಣಕಗಳಂತೆ ನಡೆಸುತ್ತದೆ. ಒಂದೇ ಗೋದಾಮಿನಲ್ಲಿ ಅಡ್ಡಗೋಡೆ ಹಾಕಿ ನಾಲ್ವರಿಗೆ ಬೇರೆ ಬೇರೆ ಬೀಗ ಕೊಟ್ಟಂತೆ. ಇದು ಹೊಸ ವಿದ್ಯೆಯೇನಲ್ಲ. ಐಬಿಎಂ ಸಂಸ್ಥೆ 1972ರಲ್ಲಿಯೇ ವಿಎಂ/370 ವ್ಯವಸ್ಥೆಯನ್ನು ಹೊರತಂದಿತ್ತು.

ಖರ್ಚಿನ ಲೆಕ್ಕ

ತಲಾ 200 ವಾಟ್ ಬಳಸುವ ನಾಲ್ಕು ಯಂತ್ರಗಳು ಹಗಲಿರುಳು ನಡೆದರೆ ವರ್ಷಕ್ಕೆ 7,008 ಯೂನಿಟ್ ವಿದ್ಯುತ್ ಬೇಕು. ಅವುಗಳ ಬದಲಿಗೆ 350 ವಾಟ್‌ನ ಒಂದೇ ಯಂತ್ರಕ್ಕೆ 3,066 ಯೂನಿಟ್ ಸಾಕು. ಯುಪಿಎಸ್, ಹವಾನಿಯಂತ್ರಣ ಮತ್ತು ನಿರ್ವಹಣೆಯ ಉಳಿತಾಯ ಇದಕ್ಕೆ ಹೊರತು. ಆದರೆ ಪರವಾನಗಿ ಶುಲ್ಕವನ್ನು ಮರೆಯಬಾರದು. ಯಂತ್ರ ಒಂದಾದರೂ ಅದರೊಳಗಿನ ಪ್ರತಿ ಗಣಕಕ್ಕೆ ವಿಂಡೋಸ್ ಪರವಾನಗಿಯ ಲೆಕ್ಕ ಬೇರೆಯೇ. 2023ರ ನವೆಂಬರ್‌ನಲ್ಲಿ ವಿಎಂವೇರ್ ಸಂಸ್ಥೆಯನ್ನು ಬ್ರಾಡ್‌ಕಾಮ್ ಕೊಂಡ ನಂತರ, ಒಮ್ಮೆ ಹಣ ಕೊಟ್ಟು ಶಾಶ್ವತ ಪರವಾನಗಿ ಪಡೆಯುವ ಪದ್ಧತಿ ಅಲ್ಲಿ ನಿಂತುಹೋಯಿತು. ಲಿನಕ್ಸ್ ಆಧಾರಿತ ಕೆವಿಎಂಗೆ ಇಂಥ ಶುಲ್ಕವಿಲ್ಲ. ಅದನ್ನು ಬಲ್ಲ ತಂತ್ರಜ್ಞರು ಮಾತ್ರ ಹತ್ತಿರದಲ್ಲಿರಬೇಕು.

ಒಂದು ನಿಂತರೆ ಎಲ್ಲವೂ ನಿಂತೀತು

2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ವ್ಯವಸ್ಥೆಯ ಮೇಲೆ ಸೈಬರ್ ದಾಳಿ ನಡೆದಾಗ ರಾಜ್ಯದಾದ್ಯಂತ ಆಸ್ತಿ ನೋಂದಣಿಗೆ ಅಡಚಣೆಯಾಯಿತು. ನಮ್ಮ ಯಂತ್ರ ಕೆಡುವ ಕಾರಣ ಬೇರೆಯಿರಬಹುದು, ಪಾಠ ಒಂದೇ. ಮಾರ್ಚ್ ಕೊನೆಯ ವಾರದಲ್ಲಿ ಆ ಒಂದು ಡಿಸ್ಕ್ ಕೈಕೊಟ್ಟರೆ ಲೆಕ್ಕ, ತೂಕ, ಸಂಬಳ ಮೂರೂ ಏಕಕಾಲಕ್ಕೆ ನಿಲ್ಲುತ್ತವೆ.

ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳಿಗಂತೂ 2022ರ ತಿದ್ದುಪಡಿಯ ಪ್ರಕಾರ ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನದ ಬ್ಯಾಕಪ್ ಕಡ್ಡಾಯ. ‘ಡಿಸ್ಕ್ ಸುಟ್ಟಿತು’ ಎಂಬ ಉತ್ತರ ಅಧಿಕಾರಿಗಳ ಮುಂದೆ ನಿಲ್ಲದು. ಅದೇ ಯಂತ್ರದಲ್ಲಿಟ್ಟ ನಕಲು ಬ್ಯಾಕಪ್ ಎನಿಸದು. ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ, ತಿಂಗಳಿಗೊಮ್ಮೆ ಅದನ್ನು ತೆರೆದು ಪರೀಕ್ಷಿಸಲಿ.

ಒಂದೆರಡು ಗಣಕಗಳಿರುವ ಅಂಗಡಿಗೆ ಈ ವ್ಯವಸ್ಥೆಯ ಅಗತ್ಯವಿಲ್ಲ. ಮೂರು-ನಾಲ್ಕು ಸರ್ವರ್‌ಗಳು ಹಳತಾಗಿ ಬದಲಾವಣೆಗೆ ಬಂದಿರುವವರು ಇದನ್ನು ಅವಶ್ಯ ಪರಿಶೀಲಿಸಬೇಕು. ಉಳಿತಾಯದ ಹಣದಲ್ಲಿ ಮೊದಲ ಪಾಲು ಬ್ಯಾಕಪ್‌ಗೆ ಮೀಸಲಾಗಲಿ.