ಹಾಳೆಯೊಳಗಿನ ಹಸು

ಐರಿಷ್ ಭಾಷೆಯ ಅತಿ ಪ್ರಸಿದ್ಧ ಪ್ರಾಚೀನ ಕಥನ ‘ಟಾಯ್ನ್ ಬೋ ಕೂಲ್ನ್ಯ’ ಒಂದು ತುರುಗೋಳಿನ ಕಥೆ. ಕೊನಾಕ್ಟ್ ನಾಡಿನ ರಾಣಿ ಮೇವ್, ಅಲ್ಸ್ಟರಿನ ಹೆಸರಾಂತ ಕಂದು ಗೂಳಿಯೊಂದನ್ನು ಹೊಡೆದುಕೊಂಡು ಬರಲು ಸೈನ್ಯ ಕಟ್ಟಿಕೊಂಡು ಹೊರಡುತ್ತಾಳೆ. ಅಲ್ಸ್ಟರಿನ ವೀರರೆಲ್ಲ ಶಾಪದಿಂದ ನೆಲ ಹಿಡಿದು ಮಲಗಿರುವಾಗ, ಕೂ ಹುಲಿನ್ ಎಂಬ ಹದಿಹರೆಯದ ಹುಡುಗ ಒಬ್ಬನೇ ಅವಳನ್ನು ತಡೆದು ನಿಲ್ಲುತ್ತಾನೆ. ಈ ಕಥೆಯ ಉಳಿದಿರುವ ಅತ್ಯಂತ ಹಳೆಯ ಪ್ರತಿ ಇರುವುದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿ, ‘ಲೆಬೊರ್ ನಾ ಹುಯಿದ್ರೆ’ ಎಂಬ ಹಸ್ತಪ್ರತಿಯಲ್ಲಿ. ಹೆಸರಿನ ಅರ್ಥ ‘ಕಂದು ಹಸುವಿನ ಪುಸ್ತಕ’. ಸಂತ ಕೀರಾನನ ಹಸು ಸತ್ತಾಗ ಅದರ ಚರ್ಮದಿಂದ ಈ ಪುಸ್ತಕ ಮಾಡಿದರು ಎಂಬುದು ಐತಿಹ್ಯ.

ಐತಿಹ್ಯ ನಿಜವಾಗಲು ಸಾಧ್ಯವಿಲ್ಲ. ಕೀರಾನ್ ಆರನೇ ಶತಮಾನದವನು, ಪುಸ್ತಕ ಸಿದ್ಧವಾದದ್ದು ಹನ್ನೊಂದನೇ ಶತಮಾನದ ಕೊನೆ ಅಥವಾ ಹನ್ನೆರಡರ ಆರಂಭದಲ್ಲಿ, ಶ್ಯಾನನ್ ನದಿಯ ದಂಡೆಯ ಕ್ಲಾನ್‌ಮ್ಯಾಕ್‌ನೊಯ್ಸ್ ಮಠದಲ್ಲಿ. ಆದರೆ ಐತಿಹ್ಯದ ಒಂದು ಭಾಗ ಅಕ್ಷರಶಃ ಸತ್ಯ: ಹಾಳೆಗಳು ಜಾನುವಾರಿನ ಚರ್ಮದವೇ. ಗೂಳಿಯ ಕಥೆಯನ್ನು ಬರೆದದ್ದು ಕರುವಿನ ತೊಗಲಿನ ಮೇಲೆ. ಅಂದಮೇಲೆ ಆ ಪುಸ್ತಕದಲ್ಲಿ ಓದಲು ಎರಡು ಬರಹಗಳಿವೆ. ಒಂದನ್ನು ಬರೆದವನು ಲಿಪಿಕಾರ, ಇನ್ನೊಂದು ಹುಟ್ಟಿನಿಂದಲೇ ಕರುವಿನ ಮೈಯಲ್ಲಿತ್ತು. ಎರಡನೆಯದನ್ನು ಓದುವ ವಿದ್ಯೆ ಕೈಗೆ ಬಂದದ್ದು ಇತ್ತೀಚೆಗೆ, ಮತ್ತು ಅದು ಸಾಹಿತ್ಯ ವಿಭಾಗದವರನ್ನೂ ರಸಾಯನ ಪ್ರಯೋಗಾಲಯದವರನ್ನೂ ಒಂದೇ ಮೇಜಿಗೆ ಕರೆತಂದಿದೆ.

ತೊಗಲು ಹಾಳೆ ಹೇಗೆ ಆಗುತ್ತದೆ ಎನ್ನುವುದರಿಂದಲೇ ರಸಾಯನಶಾಸ್ತ್ರ ಶುರು. ಹಸಿ ಚರ್ಮವನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕುತ್ತಾರೆ. ಕೂದಲು ಬುಡದಲ್ಲಿ ಸಡಿಲವಾಗುತ್ತದೆ, ಕೊಬ್ಬು ಕರಗುತ್ತದೆ. ಕೂದಲನ್ನೂ ಮಾಂಸದ ಚೂರುಗಳನ್ನೂ ಕೆರೆದು ತೆಗೆದು, ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ, ಹಾಗೇ ಒಣಗಿಸುತ್ತಾರೆ. ಚಪ್ಪಲಿಯ ಚರ್ಮದಂತೆ ಇದನ್ನು ತೊಗಟೆಯ ರಸದಲ್ಲಿ ಹದ ಮಾಡುವುದಿಲ್ಲ. ಹಾಗಾಗಿ ಪ್ರಾಣಿಯ ಕೊಲಾಜೆನ್ ಪ್ರೋಟೀನು ಹೆಚ್ಚು ಬದಲಾಗದೆ ಉಳಿಯುತ್ತದೆ. ಅದರ ಎಳೆಗಳ ನಡುವೆ ಸತ್ತ ಜೀವಕೋಶಗಳ ಡಿಎನ್‌ಎ ಸಿಕ್ಕಿಕೊಂಡಿರುತ್ತದೆ. ಒಣಗಿದ ಸ್ಥಿತಿ ಅದಕ್ಕೆ ರಕ್ಷಣೆ. ಹಾಳೆಯಲ್ಲಿ ಉಳಿದ ಸುಣ್ಣದ ಅಂಶ ಆಮ್ಲವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಲವಣದಿಂದ ಮಾಡಿದ ಶಾಯಿ ಮಾತ್ರ ಆಮ್ಲೀಯ, ಅದು ಕೆಲವೊಮ್ಮೆ ಹಾಳೆಯನ್ನೇ ತಿನ್ನುತ್ತದೆ.

ಇಷ್ಟೆಲ್ಲ ಇದ್ದರೂ ಒಂಬೈನೂರು ವರ್ಷ ಸುಮ್ಮನೆ ಕಳೆಯುವುದಿಲ್ಲ. ಡಿಎನ್‌ಎಯ ಶತ್ರು ನೀರು. ಗಾಳಿಯ ತೇವದಲ್ಲಿರುವ ನೀರಿನ ಅಣುಗಳು ಎರಡು ರೀತಿಯ ಹಾನಿ ಮಾಡುತ್ತವೆ. ಮೊದಲನೆಯದು ತುಂಡರಿಸುವುದು. ಡಿಎನ್‌ಎಯ ನಾಲ್ಕು ರಾಸಾಯನಿಕ ಅಕ್ಷರಗಳಾದ ಎ, ಸಿ, ಜಿ, ಟಿಗಳಲ್ಲಿ ಎ ಮತ್ತು ಜಿ ತಮ್ಮ ಸಕ್ಕರೆಯ ಬೆನ್ನೆಲುಬಿನಿಂದ ಕಳಚಿಬೀಳುತ್ತವೆ, ಆ ಜಾಗದಲ್ಲಿ ಎಳೆ ಮುರಿಯುತ್ತದೆ. ಕೋಟ್ಯಂತರ ಅಕ್ಷರಗಳ ಉದ್ದದ ಎಳೆ ಕೊನೆಗೆ ನೂರು, ಐವತ್ತು ಅಕ್ಷರಗಳ ಚೂರುಗಳಾಗಿ ಸಿಗುತ್ತದೆ. ಎರಡನೆಯದು ಹೆಚ್ಚು ಕುತೂಹಲದ್ದು, ಅಕ್ಷರವನ್ನೇ ಬದಲಿಸುವುದು. ಸಿ ಎಂದು ನಾವು ಬರೆಯುವ ಸೈಟೊಸಿನ್ ಅಣುವಿನಲ್ಲಿ ಒಂದು ಅಮೈನೊ ಗುಂಪು ಇದೆ. ನೀರು ಅದನ್ನು ಕಿತ್ತುಕೊಂಡು ಆಮ್ಲಜನಕವನ್ನು ಇಟ್ಟುಬಿಟ್ಟರೆ ಸೈಟೊಸಿನ್ ಹೋಗಿ ಯುರಾಸಿಲ್ ಆಗುತ್ತದೆ.

ಇದು ಸತ್ತ ಚರ್ಮಕ್ಕೆ ಮಾತ್ರ ಬರುವ ಗತಿಯಲ್ಲ. ಈ ಸಾಲು ಓದುತ್ತಿರುವ ನಿಮ್ಮ ಒಂದೊಂದು ಜೀವಕೋಶದಲ್ಲೂ ದಿನಕ್ಕೆ ನೂರರ ಲೆಕ್ಕದಲ್ಲಿ ಸೈಟೊಸಿನ್‌ಗಳು ಹೀಗೆ ಕೆಡುತ್ತಿರುತ್ತವೆ. ಡಿಎನ್‌ಎ ಅಷ್ಟು ಗಟ್ಟಿ ಅಣುವಲ್ಲ, ಅದನ್ನು ದುರಸ್ತಿ ಮಾಡುವ ವ್ಯವಸ್ಥೆ ಇರಲೇಬೇಕು ಎಂದು ಹೇಳಿ, ಯುರಾಸಿಲನ್ನು ಹುಡುಕಿ ಕತ್ತರಿಸುವ ಕಿಣ್ವವನ್ನು 1974ರಲ್ಲಿ ತೋರಿಸಿಕೊಟ್ಟವರು ಸ್ವೀಡನ್ನಿನ ಟೋಮಸ್ ಲಿಂಡಾಲ್. 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಜೀವ ಇರುವವರೆಗೆ ಆ ಕಿಣ್ವ ಕೆಲಸ ಮಾಡುತ್ತದೆ. ಜೀವ ಹೋದ ಮೇಲೆ ಯುರಾಸಿಲ್‌ಗಳು ಬಿದ್ದಲ್ಲೇ ಬಿದ್ದಿರುತ್ತವೆ.

ಪ್ರಯೋಗಾಲಯದಲ್ಲಿ ಈ ಹಳೆಯ ಚೂರುಗಳ ನಕಲು ತೆಗೆಯುವಾಗ, ನಕಲು ಮಾಡುವ ಕಿಣ್ವ ಯುರಾಸಿಲನ್ನು ಟಿ ಎಂದು ಓದಿಕೊಳ್ಳುತ್ತದೆ. ಅಂದರೆ ಮೂಲದಲ್ಲಿ ಸಿ ಇದ್ದಲ್ಲಿ ಈಗ ಟಿ ಕಾಣುತ್ತದೆ. ಚೂರುಗಳ ತುದಿಯಲ್ಲಿ ಎಳೆ ಸಾಮಾನ್ಯವಾಗಿ ಜೊತೆಯಿಲ್ಲದೆ ಒಂಟಿಯಾಗಿ ಚಾಚಿಕೊಂಡಿರುವುದರಿಂದ ನೀರಿಗೆ ಅಲ್ಲಿ ಸುಲಭದ ತುತ್ತು, ತಪ್ಪುಗಳೂ ಅಲ್ಲೇ ಹೆಚ್ಚು. ಮೊದಮೊದಲು ಇದನ್ನು ಬರಿಯ ಕಿರಿಕಿರಿ ಎಂದುಕೊಂಡಿದ್ದರು. ಆಮೇಲೆ ಅದೇ ಒರೆಗಲ್ಲಾಯಿತು. ಹಳೆಯ ವಸ್ತುವಿನಿಂದ ತೆಗೆದ ಡಿಎನ್‌ಎಯಲ್ಲಿ ನಿನ್ನೆ ಮೊನ್ನೆ ಮುಟ್ಟಿದವರ ಬೆವರು, ಎಂಜಲು ಎಲ್ಲವೂ ಸೇರಿರುತ್ತದೆ. ತುದಿಗಳಲ್ಲಿ ಸಿ-ಇಂದ-ಟಿ ಗಾಯ ಹೊತ್ತ ಚೂರು ಹಳೆಯದು, ತುದಿ ನುಣ್ಣಗಿರುವುದು ಹೊಸದಿರಬಹುದು. ಹಾನಿಯೇ ಸಾಚಾತನದ ಮುದ್ರೆ. ಹಳೆಯ ಡಿಎನ್‌ಎ ಓದುವ ವಿಜ್ಞಾನಿ ಸ್ವಾಂಟೆ ಪಾಬೊ ಅವರ ಗುಂಪು, ಅಳಿದುಹೋದ ನಿಯಾಂಡರ್ಥಾಲ್ ಮಾನವರ ಜೀನೋಮನ್ನು ಓದುವಾಗ ನೆಚ್ಚಿಕೊಂಡ ಪುರಾವೆಗಳಲ್ಲಿ ಇದು ಮುಖ್ಯವಾದದ್ದು.

ಇನ್ನೂ ಒಂದು ಸೂಕ್ಷ್ಮ ಇದೆ, ನನಗೆ ಇಡೀ ಕಥೆಯಲ್ಲಿ ಅತಿ ಸೊಗಸಾಗಿ ಕಂಡದ್ದು ಇದೇ. ಜೀವಂತ ಕೋಶ ತನ್ನ ಡಿಎನ್‌ಎಯನ್ನು ತಾನೇ ಅಲ್ಲಲ್ಲಿ ಮಾರ್ಪಡಿಸಿಕೊಳ್ಳುತ್ತದೆ. ಕೆಲವು ಸೈಟೊಸಿನ್‌ಗಳಿಗೆ ಪುಟ್ಟ ಮಿಥೈಲ್ ಗುಂಪೊಂದನ್ನು ಅಂಟಿಸುತ್ತದೆ. ಇದರಿಂದ ಅಕ್ಷರ ಬದಲಾಗುವುದಿಲ್ಲ, ಆದರೆ ಆ ಭಾಗದ ವಂಶವಾಹಿ ಸಾಮಾನ್ಯವಾಗಿ ಮೌನವಾಗುತ್ತದೆ. ಹೀಗೆ ಮಿಥೈಲ್ ಹೊತ್ತ ಸೈಟೊಸಿನ್ ಕೆಟ್ಟರೆ ಯುರಾಸಿಲ್ ಆಗುವುದಿಲ್ಲ, ನೇರ ಥೈಮಿನ್, ಅಂದರೆ ಟಿ, ಆಗಿಬಿಡುತ್ತದೆ. ಥೈಮಿನ್ ಡಿಎನ್‌ಎಯ ಸ್ವಂತ ಅಕ್ಷರ. ಕಳ್ಳ ಮನೆಯವರ ಬಟ್ಟೆಯನ್ನೇ ತೊಟ್ಟು ಒಳಗೆ ಬಂದಂತೆ, ಯುರಾಸಿಲ್ ಹುಡುಕುವ ಕಿಣ್ವಕ್ಕೆ ಅದು ಅನುಮಾನವನ್ನೇ ಹುಟ್ಟಿಸುವುದಿಲ್ಲ. ವಿಜ್ಞಾನಿಗಳು ಇದನ್ನೇ ಉಪಾಯ ಮಾಡಿಕೊಂಡರು. ಹಳೆಯ ಡಿಎನ್‌ಎಗೆ ಆ ಕಿಣ್ವ ಹಾಕಿ ಯುರಾಸಿಲ್‌ಗಳನ್ನೆಲ್ಲ ತೆಗೆದುಹಾಕಿ, ಆಮೇಲೂ ಸಿ ಇರಬೇಕಾದಲ್ಲಿ ಟಿ ಎಲ್ಲಿ ಕಾಣುತ್ತದೋ ಅಲ್ಲಿ ಪ್ರಾಣಿ ಬದುಕಿದ್ದಾಗ ಮಿಥೈಲ್ ಇತ್ತು ಎಂದು ಗುರುತು ಹಾಕಿಕೊಂಡರು. 2014ರಲ್ಲಿ ನಿಯಾಂಡರ್ಥಾಲ್ ಮತ್ತು ಅವರಂತೆಯೇ ಅಳಿದ ಡೆನಿಸೋವಾ ಮಾನವರ ಮಿಥೈಲ್ ನಕ್ಷೆಯೇ ಈ ದಾರಿಯಲ್ಲಿ ಸಿದ್ಧವಾಯಿತು. ಯಾವ ವಂಶವಾಹಿ ಇತ್ತು ಎಂಬುದಷ್ಟೇ ಅಲ್ಲ, ಯಾವುದು ಮಾತಾಡುತ್ತಿತ್ತು, ಯಾವುದು ಸುಮ್ಮನಿತ್ತು ಎಂಬುದನ್ನೂ ಕೊಳೆತದ ಲೆಕ್ಕದಿಂದಲೇ ಊಹಿಸಬಹುದಾಯಿತು.

ಪುಸ್ತಕಗಳಿಗೆ ಮರಳೋಣ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಡೇನಿಯಲ್ ಬ್ರಾಡ್ಲಿ ಅವರ ಗುಂಪು ದನಕುರಿಗಳ ಹಳೆಯ ಡಿಎನ್‌ಎಯಲ್ಲಿ ಪಳಗಿದ್ದು. ಮ್ಯಾಥ್ಯೂ ಟೀಸ್‌ಡೇಲ್ ಮತ್ತು ಸಂಗಡಿಗರು ಯಾರ್ಕ್ ವಿಶ್ವವಿದ್ಯಾಲಯದವರ ಜೊತೆ ಸೇರಿ, ಹದಿನೇಳು ಮತ್ತು ಹದಿನೆಂಟನೇ ಶತಮಾನದ ಎರಡು ತೊಗಲು ದಾಖಲೆಗಳಿಂದ ಕುರಿಯ ಡಿಎನ್‌ಎ ಓದಿ 2015ರಲ್ಲಿ ಪ್ರಕಟಿಸಿದರು. ಒಂದು ಹಾಳೆಯ ಕುರಿ ಉತ್ತರ ಬ್ರಿಟನ್ನಿನ ಕಪ್ಪು ಮುಖದ ತಳಿಗಳಿಗೆ ಹತ್ತಿರ, ಇನ್ನೊಂದು ಮಧ್ಯ ಮತ್ತು ದಕ್ಷಿಣದ ತಳಿಗಳಿಗೆ. ಆದರೆ ಆಗ ಹಾಳೆಯ ಚೂರನ್ನು ಕತ್ತರಿಸಬೇಕಿತ್ತು. ಸಾವಿರ ವರ್ಷದ ಹಸ್ತಪ್ರತಿಯ ಪಾಲಕರ ಮುಂದೆ ಕತ್ತರಿ ಹಿಡಿದು ಹೋದರೆ ಬಾಗಿಲು ತೆರೆಯುವುದಿಲ್ಲ, ತೆರೆಯಲೂ ಬಾರದು.

ದಾರಿ ಸಿಕ್ಕಿದ್ದು ರಬ್ಬರಿನಲ್ಲಿ. ಹಸ್ತಪ್ರತಿ ಸಂರಕ್ಷಕರು ಹಾಳೆಯ ಕೊಳೆ ತೆಗೆಯಲು ಪಿವಿಸಿ ಅಳಿಸುರಬ್ಬರಿನಿಂದ ಮೆಲ್ಲಗೆ ಉಜ್ಜುವುದು ಹಳೆಯ ವಾಡಿಕೆ. ಉಜ್ಜುವಾಗ ಹುಟ್ಟುವ ಸ್ಥಿರವಿದ್ಯುತ್ತು ಮೇಲ್ಮೈಯ ಪ್ರೋಟೀನುಗಳನ್ನು ರಬ್ಬರಿನ ಪುಡಿಗೆ ಸೆಳೆಯುತ್ತದೆ. ಕಸದ ಬುಟ್ಟಿಗೆ ಹೋಗುತ್ತಿದ್ದ ಆ ಪುಡಿಯನ್ನೇ ಕೇಳಿ ಪಡೆದು, ಹಾಳೆ ಕರುವಿನದೋ, ಕುರಿಯದೋ, ಮೇಕೆಯದೋ ಎಂದು ಹೇಳುವ ವಿಧಾನವನ್ನು ಸಾರಾ ಫಿಡಿಮೆಂಟ್ ಮತ್ತು ಯಾರ್ಕಿನ ಗುಂಪು 2015ರಲ್ಲಿ ಮುಂದಿಟ್ಟಿತು. 2017ರಲ್ಲಿ ಅದೇ ಪುಡಿಯಿಂದ ಡಿಎನ್‌ಎಯನ್ನೂ ತೆಗೆದು, ಸಾವಿರ ವರ್ಷ ಹಳೆಯ ‘ಯಾರ್ಕ್ ಗಾಸ್ಪೆಲ್ಸ್’ ಪುಸ್ತಕವನ್ನು ಟೀಸ್‌ಡೇಲ್ ಮತ್ತಿತರರು ಪರಿಶೀಲಿಸಿದರು. ಪರೀಕ್ಷಿಸಿದ ಕರುಗಳಲ್ಲಿ ಹೆಣ್ಣುಕರುಗಳೇ ಹೆಚ್ಚು. ಹಾಲಿಗೂ ಸಂತತಿಗೂ ಬೇಕಾದ ಹೆಣ್ಣುಕರುವನ್ನು ಯಾರು ಕೊಲ್ಲುತ್ತಾರೆ? ಆ ಪುಸ್ತಕ ಸಿದ್ಧವಾಗುವ ಮುಂಚೆ, 986ರ ಸುಮಾರಿಗೆ ಬ್ರಿಟನ್ನಿನಲ್ಲಿ ದನಗಳಿಗೆ ದೊಡ್ಡ ರೋಗ ಬಡಿದಿತ್ತು ಎಂಬ ದಾಖಲೆಯೊಡನೆ ಇದನ್ನು ಇಟ್ಟು ನೋಡಿದ್ದಾರೆ. ಪಾದ್ರಿಗಳು ಪ್ರಮಾಣವಚನ ಸ್ವೀಕರಿಸುವಾಗ ಬಳಸುತ್ತಿದ್ದ ಪುಟಗಳಲ್ಲಿ ಮನುಷ್ಯರ ಚರ್ಮದ ಬ್ಯಾಕ್ಟೀರಿಯಾಗಳ ಗುರುತು ಜಾಸ್ತಿ. ಮುಟ್ಟಿ, ಮುತ್ತಿಟ್ಟು ಸವೆಸಿದ ಪುಟಗಳವು.

ಐರಿಷ್ ಹಸ್ತಪ್ರತಿಗಳ ಬಳಿಯೂ ಈ ದೃಷ್ಟಿ ಬಂದಿದೆ. ಕಾರ್ಕ್ ವಿಶ್ವವಿದ್ಯಾಲಯದ ಐರಿಷ್ ಪ್ರಾಧ್ಯಾಪಕ ಪಾದ್ರಿಗ್ ಓ ಮಹಾನ್ ಅವರ ನೇತೃತ್ವದ ‘ಇಂಕ್ಸ್ ಅಂಡ್ ಸ್ಕಿನ್ಸ್’ ಯೋಜನೆಯಲ್ಲಿ ಅದೇ ಊರಿನ ಟಿಂಡಲ್ ಸಂಸ್ಥೆಯ ವಿಜ್ಞಾನಿಗಳು ಜೊತೆಯಾದರು. ಹದಿನಾಲ್ಕನೇ ಶತಮಾನದ ಕೊನೆಯ ‘ಈ ವಾನೆ ಪುಸ್ತಕ’ ಅವರ ಮುಖ್ಯ ವಸ್ತು. ಶಾಯಿ, ಬಣ್ಣ, ತೊಗಲು, ಎಲ್ಲವನ್ನೂ ಹಾಳೆಗೆ ಗಾಯ ಮಾಡದೆ ನೋಡುವುದು ಅಲ್ಲಿನ ಉದ್ದೇಶ. ಐರಿಷ್ ಕಾವ್ಯವನ್ನು ಪಾಠ ಮಾಡುವವರು ಕಬ್ಬಿಣದ ಲವಣದ ಬಗ್ಗೆ ಮಾತಾಡುವುದು ಮೊದಲು ವಿಚಿತ್ರ ಅನ್ನಿಸಬಹುದು. ಆದರೆ ಪಾಠಾಂತರ ಹಿಡಿಯುವವನಿಗೆ ಹಾಳೆ ಎಲ್ಲಿಂದ ಬಂತು ಎಂಬುದು ಪಕ್ಕದ ಪ್ರಶ್ನೆಯಲ್ಲ.

‘ಕಂದು ಹಸುವಿನ ಪುಸ್ತಕ’ವನ್ನೇ ನೋಡಿ. ಈಗ ಉಳಿದಿರುವುದು 67 ಹಾಳೆ. ಅದರ ಮುಖ್ಯ ಲಿಪಿಕಾರ ಮೇಲ್ ಮುಯಿರೆ 1106ರಲ್ಲಿ ಕ್ಲಾನ್‌ಮ್ಯಾಕ್‌ನೊಯ್ಸ್‌ನ ಕಲ್ಲಿನ ಚರ್ಚಿನ ನಡುವೆಯೇ ದರೋಡೆಕೋರರ ಕೈಯಲ್ಲಿ ಸತ್ತ. 1359ರಲ್ಲಿ ಪುಸ್ತಕ ಸೆರೆಯಾಳುಗಳ ಬಿಡುಗಡೆಯ ಒತ್ತೆಹಣವಾಗಿ ಕೈಬದಲಾಯಿತು, 1470ರಲ್ಲಿ ಬಲವಂತದಿಂದ ವಾಪಸಾಯಿತು. ರಿಚರ್ಡ್ ಬೆಸ್ಟ್ ಎಂಬ ವಿದ್ವಾಂಸರು 1912ರಲ್ಲಿ ಅಕ್ಷರದ ವರಸೆ ನೋಡಿ ಮೂರು ಕೈಗಳನ್ನು ಗುರುತಿಸಿದರು. ಅದರಲ್ಲಿ ಮೂರನೆಯವನು ಧರ್ಮೋಪದೇಶ ಸೇರಿಸಿದವನು, ಹಳೆಯ ಬರಹ ಕೆರೆದು ಮೇಲೆ ಬರೆದವನು, ನಡುವೆ ಹಾಳೆಗಳನ್ನೇ ತುರುಕಿದವನು. ಆತ ಯಾವ ಕಾಲದವನು, ಎಲ್ಲಿಯವನು ಎಂದು ನೂರು ವರ್ಷದಿಂದ ವಾದ ನಡೆದಿದೆ. ತುರುಕಿದ ಹಾಳೆಯ ಕರು ಮೂಲ ಹಾಳೆಗಳ ಕರುಗಳ ಬಂಧುವೇ, ಬೇರೆ ಊರಿನ ಮಂದೆಯದೇ ಎಂದು ತಿಳಿದರೆ ವಾದಕ್ಕೆ ಹೊಸ ಸಾಕ್ಷಿ ಸಿಕ್ಕಂತಾಗುತ್ತದೆ. ಅಕ್ಷರದ ವರಸೆಯನ್ನು ಅನುಕರಿಸಬಹುದು, ಕರುವಿನ ವಂಶವನ್ನು ಅನುಕರಿಸಲಾಗದು.

ಡಿಎನ್‌ಎಯ ಸಾಕ್ಷಿಯನ್ನು ಕಥೆಯ ಜೊತೆ ಜೋಡಿಸುವಾಗ ಒಂದು ಎಚ್ಚರಿಕೆಯೂ ಬೇಕು. ಅದಕ್ಕೆ ಉದಾಹರಣೆ ಐರ್ಲೆಂಡಿನಲ್ಲೇ ಇದೆ. ಬಾಯ್ನ್ ನದಿ ಕಣಿವೆಯ ನ್ಯೂಗ್ರೇಂಜ್ ಐದು ಸಾವಿರ ವರ್ಷಕ್ಕೂ ಹಳೆಯ ಸಮಾಧಿ ದಿಬ್ಬ. ಡಿಸೆಂಬರಿನ ಅತಿ ಚಿಕ್ಕ ಹಗಲಿನಂದು ಬೆಳಗಿನ ಬಿಸಿಲು ಅದರ ಒಳಕೋಣೆಗೆ ನೇರ ಬೀಳುತ್ತದೆ. ಆ ಕೋಣೆಯಲ್ಲಿ ಸಿಕ್ಕ ತಲೆಬುರುಡೆಯ ಚೂರಿನ ಡಿಎನ್‌ಎಯನ್ನು ಟ್ರಿನಿಟಿಯ ಲಾರಾ ಕ್ಯಾಸಿಡಿ, ಬ್ರಾಡ್ಲಿ ಮತ್ತಿತರರು ಓದಿ 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಮನುಷ್ಯನ ಜೀನೋಮಿನ ಸುಮಾರು ಕಾಲು ಭಾಗದಲ್ಲಿ ತಾಯಿಯ ಮತ್ತು ತಂದೆಯ ಪ್ರತಿಗಳು ಒಂದೇ ಆಗಿದ್ದವು. ಅರ್ಥ ಸ್ಪಷ್ಟ: ತಂದೆ ತಾಯಿ ಒಡಹುಟ್ಟಿದವರು, ಇಲ್ಲವೇ ಅವರಿಬ್ಬರೇ ಪರಸ್ಪರ ತಂದೆ-ಮಗಳು ಅಥವಾ ತಾಯಿ-ಮಗ.

ಸುದ್ದಿಯನ್ನು ಸ್ಫೋಟಿಸಿದ್ದು ಇದರ ಜೊತೆಗೆ ಬಂದ ಸಾಹಿತ್ಯ. ಊರು, ಬೆಟ್ಟ, ದಿಬ್ಬಗಳ ಹೆಸರಿನ ಹಿಂದಿನ ಕಥೆಗಳನ್ನು ಹೇಳುವ ‘ದಿನ್‌ಹೆನಹಸ್’ ಎಂಬ ಮಧ್ಯಕಾಲೀನ ಐರಿಷ್ ಸಾಹಿತ್ಯ ಪ್ರಕಾರದಲ್ಲಿ ಪಕ್ಕದ ಡೌತ್ ದಿಬ್ಬದ ಕಥೆ ಬರುತ್ತದೆ. ದನಗಳಿಗೆ ರೋಗ ಬಂದು ದೇಶದಲ್ಲಿ ಏಳು ಹಸು, ಒಂದು ಗೂಳಿ ಮಾತ್ರ ಉಳಿದ ಕಾಲ. ರಾಜ ಬ್ರೆಸಲ್ ಆಕಾಶ ಮುಟ್ಟುವ ಗೋಪುರ ಕಟ್ಟಿಸಲು ಜನರನ್ನು ಒಂದು ಹಗಲಿನ ಮಟ್ಟಿಗೆ ಕರೆಸುತ್ತಾನೆ. ಹಗಲು ಮುಗಿಯದಂತೆ ಅವನ ತಂಗಿ ಮಾಯೆಯಿಂದ ಸೂರ್ಯನನ್ನು ನಿಲ್ಲಿಸುತ್ತಾಳೆ. ರಾಜ ಅವಳನ್ನೇ ಕೂಡುತ್ತಾನೆ, ಮಾಯೆ ಮುರಿದು ಕತ್ತಲು ಕವಿಯುತ್ತದೆ. ಸೂರ್ಯನಿಗಾಗಿ ಕಟ್ಟಿದ ದಿಬ್ಬ, ಅಣ್ಣ-ತಂಗಿಯ ಕೂಟ, ಈಗ ಅದೇ ಕಣಿವೆಯಲ್ಲಿ ಅಂಥದೇ ಕೂಟದ ಮಗನ ಎಲುಬು. ನಾಲ್ಕು ಸಾವಿರ ವರ್ಷ ಬಾಯಿಂದ ಬಾಯಿಗೆ ನೆನಪು ಹರಿದು ಬಂತೇ ಎಂಬ ಪ್ರಶ್ನೆಯನ್ನು ಆ ಲೇಖನವೇ ಎತ್ತಿತು. ಪತ್ರಿಕೆಗಳು ಪ್ರಶ್ನೆಯನ್ನು ಬಿಟ್ಟು ಉತ್ತರವನ್ನು ಅಚ್ಚು ಹಾಕಿದವು, ಆ ಬುರುಡೆಯ ಮನುಷ್ಯ ‘ದೇವರಾಜ’ನಾಗಿಬಿಟ್ಟ.

2025ರಲ್ಲಿ ಡಬ್ಲಿನ್ ವಿಶ್ವವಿದ್ಯಾಲಯ ಕಾಲೇಜಿನ ಪುರಾತತ್ವಜ್ಞೆ ಜೆಸಿಕಾ ಸ್ಮಿತ್ ಮತ್ತು ಸಂಗಡಿಗರು ‘ಆಂಟಿಕ್ವಿಟಿ’ಯಲ್ಲಿ ಇದಕ್ಕೆ ಎದುರು ವಾದ ಮಂಡಿಸಿದರು. ಡಿಎನ್‌ಎಯ ಓದನ್ನು ಅವರು ಅಲ್ಲಗಳೆದಿಲ್ಲ. ಒಂದು ಬುರುಡೆಯ ಚೂರಿನಿಂದ ರಾಜವಂಶ ಕಟ್ಟಲಾಗದು, 2020ರ ಲೇಖನ ಉಳಿದ ಸಮಾಧಿಗಳಲ್ಲಿ ಗುರುತಿಸಿದ್ದ ಅವನ ‘ಬಂಧುಗಳು’ ಬಹು ದೂರದವರು, ಆ ಕಾಲದ ಐರ್ಲೆಂಡಿನಲ್ಲಿ ಅಂಥ ರಾಜರಿದ್ದರೆಂಬುದಕ್ಕೆ ಬೇರೆ ಆಧಾರ ಇಲ್ಲ ಎನ್ನುವುದು ಅವರ ಮಾತು. ನನಗೆ ಈ ವಾದವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಕಥೆ ಬರಹಕ್ಕಿಳಿದದ್ದು ಸಾವಿರದ ನೂರರ ಸುಮಾರಿಗೆ, ಬೈಬಲ್ ಓದಿಕೊಂಡಿದ್ದ ಸನ್ಯಾಸಿಗಳ ಕೈಯಲ್ಲಿ. ಆಕಾಶ ಮುಟ್ಟುವ ಗೋಪುರ ಅಲ್ಲಿಂದ ಬಂದಿರುವ ಸಾಧ್ಯತೆ ದೊಡ್ಡದು. ಅದನ್ನು ಹೇಳಬೇಕಾದವರು ತಳಿವಿಜ್ಞಾನಿಗಳಲ್ಲ, ಐರಿಷ್ ಸಾಹಿತ್ಯದ ಪದರಗಳನ್ನು ಬಿಡಿಸಬಲ್ಲವರು. ಸೈಟೊಸಿನ್ ಎಲ್ಲಿ ಕೆಟ್ಟಿದೆ ಎಂದು ರಸಾಯನಶಾಸ್ತ್ರ ಖಚಿತವಾಗಿ ಹೇಳುತ್ತದೆ. ರಾಜ ಯಾರು ಎಂದು ಅದು ಹೇಳಲಾರದು.

‘ಕಂದು ಹಸುವಿನ ಪುಸ್ತಕ’ವನ್ನು ಕಣ್ಣಾರೆ ನೋಡಲು ಡಬ್ಲಿನ್ನಿಗೆ ಹೋಗಬೇಕಿಲ್ಲ. ಡಬ್ಲಿನ್ ಉನ್ನತ ಅಧ್ಯಯನ ಸಂಸ್ಥೆಯ ‘ಐರಿಷ್ ಸ್ಕ್ರಿಪ್ಟ್ ಆನ್ ಸ್ಕ್ರೀನ್’ ಸಂಗ್ರಹದಲ್ಲಿ ಅದರ ಪುಟಗಳ ಚಿತ್ರಗಳಿವೆ. ನೋಡುವಾಗ ಅಕ್ಷರ ಅರ್ಥವಾಗದಿದ್ದರೂ ಅಂಚುಗಳನ್ನು ಗಮನಿಸಿ. ತೊಗಲು ಹಾಳೆಯಲ್ಲಿ ಕೂದಲಿದ್ದ ಮಗ್ಗುಲು ಸ್ವಲ್ಪ ಹಳದಿ, ಮಾಂಸದ ಮಗ್ಗುಲು ಬಿಳಿ.